ಕಟ್ಟ ಕಟ್ಟುವವರು ಯಾರು?

ಮೊದಲು ಒಂದು ಲೆಕ್ಕ ಮಾಡೋಣ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಹೆಚ್ಚು ಕಡಿಮೆ 4000 ಮಿಲಿಮೀಟರ್ ಮಳೆ ಬೀಳುತ್ತದೆ. ಒಂದು ಎಕರೆ ಅಂದರೆ ಸುಮಾರು 4047 ಚದರ ಮೀಟರ್. ಗುಣಿಸಿ ನೋಡಿ, ಒಂದೇ ಎಕರೆ ಮೇಲೆ ಬೀಳುವ ನೀರು 1 ಕೋಟಿ 60 ಲಕ್ಷ ಲೀಟರ್. ಇನ್ನು ಖರ್ಚಿನ ಕಡೆ ಬನ್ನಿ. ಎಕರೆಗೆ 550 ಅಡಿಕೆ ಮರ ಅಂತ ಇಟ್ಟುಕೊಳ್ಳಿ. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು ಅನ್ನುತ್ತಾರೆ. ಬೇಸಗೆಯ ಐದು ತಿಂಗಳೂ ಬಿಡದೆ ಹಾಕಿದರೂ 15 ಲಕ್ಷ ಲೀಟರ್ ಆಸುಪಾಸು. ಬಿದ್ದ ಮಳೆಯ ಹತ್ತರಲ್ಲಿ ಒಂದು ಪಾಲು ಅಷ್ಟೇ. ಅಷ್ಟನ್ನು ಹಿಡಿದಿಟ್ಟುಕೊಳ್ಳಲಿಕ್ಕೆ ಆಗದೆ ಏಪ್ರಿಲ್ ಬಂದ ಕೂಡಲೇ ಟ್ಯಾಂಕರ್‌ನವನಿಗೆ ಫೋನ್ ಮಾಡುತ್ತೇವೆ ಅಂದರೆ ಎಲ್ಲೋ ಏನೋ ಹದ ತಪ್ಪಿದೆ ಅಲ್ವಾ? ಹಿಂದೆ ಈ ನೀರನ್ನು ಹಿಡಿಯುತ್ತಿದ್ದ ಉಪಾಯಗಳಲ್ಲಿ ಒಂದು ಕಟ್ಟ, ಅಂದರೆ ತೋಡಿಗೆ (ಊರಿನ ಸಣ್ಣ ಹಳ್ಳಕ್ಕೆ) ಅಡ್ಡ ಹಾಕುವ ಒಡ್ಡು.

2019ರ ಮೇ ತಿಂಗಳು ನೆನಪಿರಬಹುದು. ನೇತ್ರಾವತಿಯಲ್ಲಿ ನೀರಿಲ್ಲ, ಯಾತ್ರೆ ಸ್ವಲ್ಪ ಮುಂದೂಡಿ ಅಂತ ಧರ್ಮಸ್ಥಳದಿಂದಲೇ ಭಕ್ತರಿಗೆ ಕೇಳಿಕೊಂಡಿದ್ದರು. ಅದೇ ಬೇಸಗೆಯಲ್ಲಿ ಉಡುಪಿ ನಗರಕ್ಕೆ ನೀರು ಕೊಡುವ ಸ್ವರ್ಣಾ ನದಿಯೂ ಬಜೆಯಲ್ಲಿ ತಳ ಕಂಡಿತ್ತು. ಪೇಟೆಯ ನಳ್ಳಿ ಒಣಗಿದರೆ ಪೇಪರ್‌ನಲ್ಲಿ ಬರುತ್ತದೆ. ಒಂದೆಕರೆ ತೋಟದವನ ಬಾವಿ ಒಣಗಿದರೆ ಬರುವುದಿಲ್ಲ. ಆದರೆ ಅವನ ಬಾವಿ ಮೊದಲು ಒಣಗಿತ್ತು, ನದಿ ಆಮೇಲೆ.

ಇದರ ಬಗ್ಗೆ ಯಾರ ಹತ್ತಿರ ಮಾತಾಡಿದರೂ ಬರುವ ಮೊದಲ ಉತ್ತರ "ಮಳೆ ಕಮ್ಮಿ ಆಗಿದೆ ಮಾರ್ರೆ". ಮಳೆ ಬರುವ ರೀತಿ ಬದಲಾಗಿದೆ, ಒಪ್ಪುತ್ತೇನೆ. ಆದರೆ ನಮ್ಮ ಊರು ಯಾವಾಗಲೂ ನೀರು ನಿಲ್ಲದ ಊರೇ. ಘಟ್ಟದಿಂದ ಕಡಲಿಗೆ ಹೆಚ್ಚೆಂದರೆ ಅರುವತ್ತು ಕಿಲೋಮೀಟರ್. ಇಳಿಜಾರು ಬೇರೆ. ಮಳೆಗಾಲದ ನಾಲ್ಕು ತಿಂಗಳಲ್ಲೇ ಹೆಚ್ಚಿನದೆಲ್ಲ ಸುರಿದು ಮುಗಿಯುತ್ತದೆ, ಆಮೇಲೆ ಎಂಟು ತಿಂಗಳು ಆಕಾಶ ನೋಡುವುದು. ಇಷ್ಟು ಗೊತ್ತಿದ್ದೇ ಹಿಂದಿನವರು ಇಲ್ಲಿ ವರ್ಷಕ್ಕೆ ಮೂರು ಬೆಳೆ ಭತ್ತ ಬೆಳೆಯುತ್ತಿದ್ದರು. ಮಳೆಗಾಲದ ಏಣೆಲು, ಅದರ ನಂತರ ಸುಗ್ಗಿ, ಬೇಸಗೆಯಲ್ಲಿ ಕೊಳಕೆ. ಪಂಪಿಲ್ಲದೆ, ಕರೆಂಟಿಲ್ಲದೆ ಮಾರ್ಚ್ ತಿಂಗಳಲ್ಲಿ ಗದ್ದೆಯಲ್ಲಿ ನೀರು ನಿಲ್ಲಿಸುತ್ತಿದ್ದರು ಅಂದರೆ ಯೋಚನೆ ಮಾಡಿ.

ಹೇಗೆ ನಿಲ್ಲಿಸುತ್ತಿದ್ದರು ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ. ಗುಡ್ಡೆಯ ನೆತ್ತಿಯಿಂದ ತೋಡಿನವರೆಗೆ ಒಂದೊಂದು ಎತ್ತರಕ್ಕೆ ಒಂದೊಂದು ಉಪಾಯ ಇತ್ತು. ನಮ್ಮಲ್ಲಿ ಗದ್ದೆಗಳನ್ನು ಬೆಟ್ಟು, ಮಜಲು, ಬೈಲು ಅಂತ ಮೂರು ಮಾಡುತ್ತಾರೆ. ಬೆಟ್ಟು ಮೇಲಿನದು, ಮಳೆ ನಂಬಿ ಒಂದು ಬೆಳೆ. ಮಜಲು ನಡುವಿನದು, ಎರಡು ಬೆಳೆ. ಬೈಲು ತಗ್ಗಿನದು, ಮೂರಕ್ಕೂ ನೀರು. ಗುಡ್ಡೆಯ ಮೇಲೆ, ನೀರು ಹರಿದು ಬರುವ ತಗ್ಗಿಗೆ ಕೆಳಗಿನ ಬದಿಯಲ್ಲಿ ಮಣ್ಣಿನ ಏರಿ ಹಾಕಿದರೆ ಅದು ಮದಕ. ಮದಕದ ನೀರನ್ನು ಯಾರೂ ಸೇದಿ ಬಳಸುವುದಿಲ್ಲ. ಅದು ಅಲ್ಲೇ ಇಂಗಬೇಕು, ಕೆಳಗಿನ ಬಾವಿಗಳಲ್ಲಿ ಬರಬೇಕು. ಅದರ ಕೆಳಗೆ ಗದ್ದೆ. ಒಂದೊಂದು ಗದ್ದೆಗೂ ಹುಣಿ, ಅಂದರೆ ಬದು. ಜುಲೈ ತಿಂಗಳಲ್ಲಿ ಅರ್ಧ ಅಡಿ ನೀರು ನಿಂತ ಒಂದೆಕರೆ ಗದ್ದೆ ಅಂದರೆ ಆರು ಲಕ್ಷ ಲೀಟರ್ ನೀರಿನ ಕೆರೆ. ಅದೂ ಒಂದು ಸಲ ತುಂಬಿ ಮುಗಿಯುವ ಕೆರೆ ಅಲ್ಲ, ಮಳೆಗಾಲವಿಡೀ ಇಂಗುತ್ತಾ ತುಂಬುತ್ತಾ ಇರುವ ಕೆರೆ. ಹುಣಿ ಒಡೆದು ಗದ್ದೆ ಹಡಿಲು (ಪಾಳು) ಬಿದ್ದರೆ ಭತ್ತ ಮಾತ್ರ ಹೋದದ್ದಲ್ಲ, ಪಕ್ಕದ ನಾಲ್ಕು ಬಾವಿಗಳ ನೀರೂ ಹೋಯಿತು. ಇದನ್ನು ಯಾವ ಇಲಾಖೆಯ ಪರಿಹಾರದ ಲೆಕ್ಕದಲ್ಲೂ ಹಿಡಿದದ್ದು ನಾನು ನೋಡಿಲ್ಲ.

ಇದೆಲ್ಲದರ ಕೆಳಗೆ, ತೋಡಿನಲ್ಲಿ, ಕಟ್ಟ. ನನಗೆ ಮಾತಾಡಬೇಕಾಗಿರುವುದು ಮುಖ್ಯವಾಗಿ ಇದರ ಬಗ್ಗೆ.

ಕಟ್ಟ ಅಂದರೆ ತೋಡಿಗೆ ಅಡ್ಡವಾಗಿ ಹಾಕುವ ತಾತ್ಕಾಲಿಕ ಒಡ್ಡು. ಪ್ರತಿ ವರ್ಷ ಹಾಕಬೇಕು, ಮಳೆಗಾಲಕ್ಕೆ ಮೊದಲು ಬಿಡಿಸಬೇಕು. ಬಿಡಿಸದಿದ್ದರೆ ಮೊದಲ ನೆರೆಯೇ ಆ ಕೆಲಸ ಮಾಡುತ್ತದೆ, ಜೊತೆಗೆ ಪಕ್ಕದ ಧರೆಯನ್ನೂ (ದಡದ ಮಣ್ಣನ್ನೂ) ಕೊಂಡು ಹೋಗುತ್ತದೆ. ಹಳೆಯ ಕ್ರಮದಲ್ಲಿ ಎರಡು ಸಾಲು ಗೂಟ ಊರಿ, ಅಡಿಕೆ ಸಲಕೆ (ಸೀಳಿದ ಮರದ ಪಟ್ಟಿ) ಅಡ್ಡ ಕಟ್ಟಿ, ನಡುವೆ ಸೊಪ್ಪು ಮತ್ತು ಜಿಗುಟು ಮಣ್ಣು ತುಂಬಿ ತುಳಿಯುತ್ತಿದ್ದರು. ಕೆಲವು ಕಡೆ ಕಾಡುಕಲ್ಲಿನ ಎರಡು ಗೋಡೆ, ನಡುವೆ ಮಣ್ಣು. ಕೇಳಲಿಕ್ಕೆ ಸುಲಭ. ಮಾಡಲಿಕ್ಕೆ ಹೋದರೆ ಗೊತ್ತಾಗುತ್ತದೆ, ತೋಡಿನ ತಳದಲ್ಲಿ ಮರಳಿದ್ದರೆ ನೀರು ಒಡ್ಡಿನ ಅಡಿಯಿಂದಲೇ ನುಸುಳುತ್ತದೆ, ಗಟ್ಟಿ ನೆಲ ಸಿಗುವವರೆಗೆ ಕೆರೆಯಬೇಕು, ಎರಡೂ ಬದಿಯ ಧರೆಗೆ ಒಡ್ಡನ್ನು ಒಂದೆರಡು ಅಡಿ ಒಳಗೆ ಕಚ್ಚಿಸಬೇಕು, ಇಲ್ಲದಿದ್ದರೆ ನೀರು ಬದಿ ಕೊರೆದು ದಾರಿ ಮಾಡಿಕೊಳ್ಳುತ್ತದೆ.

ಇನ್ನೊಂದು, ದಿನ ಗೊತ್ತು ಮಾಡುವುದು. ನನ್ನ ದೊಡ್ಡಪ್ಪ ಹೇಳುವುದು ಹೀಗೆ: "ಬೇಗ ಕಟ್ಟಿದರೆ ಅಕಾಲ ಮಳೆಗೆ ಹೋಗ್ತದೆ. ತಡ ಮಾಡಿದರೆ ಹಿಡಿಯಲಿಕ್ಕೆ ನೀರೇ ಇರುವುದಿಲ್ಲ ಮಾರಾಯ." ಆದ್ದರಿಂದ ಡಿಸೆಂಬರ್ ಜನವರಿಯಲ್ಲಿ, ತೋಡಿನ ಹರಿವು ಇಳಿಯುತ್ತಾ ಬಂದು ಇನ್ನೂ ನಿಲ್ಲದಿರುವ ಆ ಕೆಲವೇ ವಾರಗಳಲ್ಲಿ ಕೆಲಸ ಮುಗಿಯಬೇಕು. ಆ ವಾರಗಳಲ್ಲೇ ಅಡಿಕೆ ಕೊಯ್ಲು, ಆ ವಾರಗಳಲ್ಲೇ ಮದುವೆ, ಕೋಲ, ಯಕ್ಷಗಾನ. ಜನ ಸಿಗುವುದು ಎಲ್ಲಿಂದ?

ಒಂದು ಕಟ್ಟದಿಂದ ಹೆಚ್ಚೇನೂ ಆಗುವುದಿಲ್ಲ ಅನ್ನುವುದನ್ನೂ ಹೇಳಬೇಕು. ಕೆಳಗಿನ ಕಟ್ಟದ ಹಿನ್ನೀರು ಮೇಲಿನ ಕಟ್ಟದ ಬುಡ ಮುಟ್ಟಬೇಕು, ಹಾಗೆ ತೋಡಿನುದ್ದಕ್ಕೂ ಸಾಲಾಗಿ ಇರಬೇಕು. ಆಗ ಎರಡೂ ಬದಿಯ ನೆಲ ನೆನೆಯುತ್ತದೆ, ಬಾವಿಗಳಲ್ಲಿ ನೀರು ಮೇಲೆ ಬರುತ್ತದೆ, ಕೊಳವೆ ಬಾವಿಯ ಪಂಪು ಗಾಳಿ ಎಳೆಯುವುದು ನಿಲ್ಲುತ್ತದೆ. ಕಾಸರಗೋಡಿನ ಏತಡ್ಕದಲ್ಲಿ ಹೀಗೆ ಸಾಲು ಕಟ್ಟಗಳ ಪದ್ಧತಿ ಉಳಿದದ್ದನ್ನು ಪತ್ರಕರ್ತ ಶ್ರೀ ಪಡ್ರೆಯವರು ಎಷ್ಟೋ ವರ್ಷಗಳಿಂದ ಬರೆಯುತ್ತಾ ಬಂದಿದ್ದಾರೆ. ಕರಾವಳಿಯಲ್ಲಿ ನೀರಿನ ಬಗ್ಗೆ ಏನಾದರೂ ತಿಳಿಯಬೇಕು ಅಂದವರು ಕೊನೆಗೆ ಅವರ ಲೇಖನಗಳಿಗೇ ಬಂದು ಮುಟ್ಟುತ್ತಾರೆ.

ನಮ್ಮ ಊರಿನದು ಹಿರಿಯಡ್ಕದಿಂದ ಸ್ವಲ್ಪ ಒಳಗೆ, ಸ್ವರ್ಣಾ ನದಿಗೆ ಸೇರುವ ಒಂದು ಚಿಕ್ಕ ತೋಡು. ಅದರಲ್ಲಿ ಕಟ್ಟದ ಜಾಗಗಳು ಇವತ್ತಿಗೂ ಗುರುತಿವೆ, ಕಟ್ಟ ಇಲ್ಲ. ಯಾಕೆ ನಿಂತಿತು ಅಂತ ಹಿರಿಯರನ್ನು ಕೇಳಿದರೆ ಒಬ್ಬೊಬ್ಬರದು ಒಂದೊಂದು ಕಾರಣ. ಬೊಂಬಾಯಿ ಹೋಟೆಲಿಗೆ ಹೋದ ಹುಡುಗರು ಅನ್ನುತ್ತಾರೆ. ಗೇರು ಕಾರ್ಖಾನೆ, ಕಟ್ಟಡ ಕೆಲಸ ಅನ್ನುತ್ತಾರೆ. ಕೊಳಕೆ ಬೆಳೆ ಬಿಟ್ಟದ್ದಕ್ಕೆ ಅನ್ನುತ್ತಾರೆ. ಎಲ್ಲವೂ ನಿಜವೇ.

ಒಂದು ಕಾರಣ ಮಾತ್ರ ಯಾರೂ ದೊಡ್ಡದಾಗಿ ಹೇಳುವುದಿಲ್ಲ, ಹೇಳಿದರೆ ತಪ್ಪು ತಿಳಿಯುತ್ತಾರೆ ಅಂತ. 1974ರಲ್ಲಿ ಭೂಸುಧಾರಣೆ ಬಂತು. ನಮ್ಮ ಜಿಲ್ಲೆಯಷ್ಟು ಗಟ್ಟಿಯಾಗಿ ಅದು ನಡೆದ ಕಡೆ ರಾಜ್ಯದಲ್ಲಿ ಕಡಿಮೆ. ಉಳುವವನಿಗೆ ಭೂಮಿ ಸಿಕ್ಕಿತು, ಸಿಗಲೇಬೇಕಿತ್ತು. ಗೇಣಿ ಅಕ್ಕಿ ಅಳೆದು ಕೊಟ್ಟು ಮಳೆಗಾಲದಲ್ಲಿ ಗೆಣಸು ತಿಂದ ಕತೆ ನಮ್ಮ ಮನೆಯಲ್ಲೂ ಇದೆ. ಆದರೆ ಅದುವರೆಗೆ ಕಟ್ಟ ಹಾಕಲಿಕ್ಕೆ ಜನ ಕರೆಯುತ್ತಿದ್ದದ್ದು ಧನಿಗಳ ಮನೆ. ಬಂದವರಿಗೆ ಬರುವುದಿಲ್ಲ ಅನ್ನುವ ಧೈರ್ಯ ಇರಲಿಲ್ಲ. ಆ ಜಬರ್ದಸ್ತಿ ಹೋಯಿತು, ಒಳ್ಳೆಯದಾಯಿತು. ಕರೆಯುವವರ ಜಾಗ ಖಾಲಿ ಉಳಿಯಿತು. ಹತ್ತು ಎಕರೆಯ ಒಬ್ಬ ಯಜಮಾನನ ಜಾಗದಲ್ಲಿ ಒಂದೊಂದು ಎಕರೆಯ ಹತ್ತು ಜನ ಬಂದರು, ಅವರನ್ನು ಸಮಾನರಾಗಿ ಕೂರಿಸಿ ತೋಡಿನ ಕೆಲಸಕ್ಕೆ ಒಪ್ಪಿಸುವ ಒಂದು ವ್ಯವಸ್ಥೆ ಮಾತ್ರ ಬರಲಿಲ್ಲ. ಕಾನೂನು ಭೂಮಿ ಹಂಚಿತು, ನೀರಿನ ಬಗ್ಗೆ ಯಾರೂ ಕೂತು ಮಾತಾಡಲಿಲ್ಲ.

ಆ ಖಾಲಿ ಜಾಗಕ್ಕೆ ಬಂದದ್ದು ಕೊಳವೆ ಬಾವಿ. ಅದನ್ನು ಬೈಯುವುದು ಸುಲಭ. ಕೊರೆಸಿದವನನ್ನು ಕೇಳಿ ನೋಡಿ, ಯಾರ ಹತ್ತಿರವೂ ಮಾತಾಡಬೇಕಾಗಿಲ್ಲ, ಯಾರಿಗೂ ಕಾಯಬೇಕಾಗಿಲ್ಲ, ಬಟನ್ ಒತ್ತಿದರೆ ಆಯಿತು. ಹತ್ತು ಎಚ್.ಪಿ.ವರೆಗಿನ ಕೃಷಿ ಪಂಪಿಗೆ ಕರೆಂಟು ಉಚಿತ. ಕಟ್ಟಕ್ಕೆ ಹತ್ತು ಮನೆ ಒಪ್ಪಬೇಕು, ಕೊಳವೆ ಬಾವಿಗೆ ಒಂದು ಬ್ಯಾಂಕ್ ಸಾಲ ಸಾಕು. ಸಣ್ಣ ರೈತ ಎರಡನೆಯದನ್ನು ಆರಿಸಿಕೊಂಡರೆ ಅವನನ್ನು ದಡ್ಡ ಅನ್ನಲಿಕ್ಕೆ ನನಗೆ ಮನಸ್ಸಿಲ್ಲ. ಆದರೆ ನೀರು ಸಿಗದ ಬಾವಿಗೂ ಸಾಲದ ಕಂತು ಕಟ್ಟಲೇಬೇಕಲ್ಲ.

ನೀರಿಗಾಗಿ ಗುಡ್ಡೆಗೆ ಕೊರೆಯುವ ಸುರಂಗದ ವಿಷಯವೂ ಬರುತ್ತದೆ ಇಲ್ಲಿ. ಉಡುಪಿ ಕಡೆ ಸುರಂಗ ಕಡಿಮೆ. ಬಂಟ್ವಾಳ ತಾಲೂಕಿನ ಮಾಣಿಲ, ಅಡ್ಯನಡ್ಕದಿಂದ ಕಾಸರಗೋಡಿನ ಬಾಯಾರಿನವರೆಗೆ ತುಂಬಾ ಇವೆ. ಮೇಲೆ ಮುರಕಲ್ಲು, ಅಂದರೆ ತೂತು ತೂತಿನ ಕೆಂಪು ಕಲ್ಲು, ಅದರ ಅಡಿಯಲ್ಲಿ ಶೇಡಿ, ಅಂದರೆ ನುಣ್ಣನೆಯ ಜೇಡಿ ಮಣ್ಣು. ಮುರಕಲ್ಲಿನ ತೂತುಗಳಿಂದ ಇಳಿದ ನೀರು ಶೇಡಿಯಲ್ಲಿ ಬೇಗ ಇಳಿಯುವುದಿಲ್ಲ, ಅಡ್ಡ ಹರಿಯುತ್ತದೆ. ಗುಡ್ಡೆಯ ಬದಿಯಿಂದ ಅಡ್ಡಕ್ಕೆ ಕೊರೆದು ಹೋದರೆ ಆ ನೀರು ಸಿಗುತ್ತದೆ, ಅದಾಗಿಯೇ ಹರಿದು ಹೊರಗೆ ಬರುತ್ತದೆ. ಎರಡು ಅಡಿ ಅಗಲ, ಆಳೆತ್ತರ, ಒಳಗೆ ಒಬ್ಬ ಅಗೆಯುವವನಿಗೆ ಮಾತ್ರ ಜಾಗ. ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಇದಕ್ಕೇ. ಹಗಲು ಅಡಿಕೆ ತೆಂಗಿನ ಮರ ಹತ್ತುವ ಕೂಲಿ ಕೆಲಸ, ಉಳಿದ ಹೊತ್ತಿನಲ್ಲಿ ದೀಪ ಹಿಡಿದು ಸುರಂಗ. ಒಂದಾದ ಮೇಲೊಂದು ಸುರಂಗ ಒಣಗಿಯೇ ಹೋದರೂ ಬಿಡಲಿಲ್ಲ, ಕೊನೆಗೆ ನೀರು ಬಂತು. ನೀರು ಬಂದ ಮೇಲೆ ಅವರು ಮಾಡಿದ ಇನ್ನೊಂದು ಕೆಲಸದ ಬಗ್ಗೆ ಜನ ಕಡಿಮೆ ಮಾತಾಡುತ್ತಾರೆ. ಆ ಬೋಳು ಗುಡ್ಡೆಯಲ್ಲಿ ಕಲ್ಲು ಹೊತ್ತು ಕಟ್ಟಿ, ಮಣ್ಣು ತುಂಬಿ, ಮೆಟ್ಟಿಲು ಮೆಟ್ಟಿಲಾಗಿ ತೋಟ ಮಾಡಿದರು. ನೀರಿದ್ದು ಮಣ್ಣಿಲ್ಲದಿದ್ದರೆ ಏನು ಬೆಳೆಯುವುದು?

ಅವರ ಬಗ್ಗೆ ನನಗೆ ಗೌರವ ಬಹಳ. ಆದರೆ ಅವರ ಕತೆ ಹೇಳುವಾಗ ನಮಗೆ ಒಂದು ಸಮಾಧಾನ ಸಿಗುತ್ತದೆ ನೋಡಿ, ಅದು ಸರಿಯಲ್ಲ ಅನಿಸುತ್ತದೆ. ಛಲ ಇದ್ದರೆ ಒಬ್ಬನೇ ಮಾಡಬಹುದು ಅನ್ನುವ ಸಮಾಧಾನ. ಎರಡೆಕರೆಯ ರೈತ ನೀರಿಗಾಗಿ ವರ್ಷಗಟ್ಟಲೆ ಕತ್ತಲೆಯಲ್ಲಿ ಒಬ್ಬನೇ ಅಗೆಯಬೇಕಾಯಿತು ಅನ್ನುವುದು ಅವರಿಗೆ ಹೆಮ್ಮೆ, ನಮಗೆ ಸ್ವಲ್ಪ ನಾಚಿಕೆಯೂ ಆಗಬೇಕಲ್ವಾ.

ಮಣ್ಣಿನ ಮಾತು ಬಂತಲ್ಲ. ನಮ್ಮ ಮಣ್ಣು ಮೊದಲೇ ಬಡವ. ಇಷ್ಟು ಮಳೆಗೆ ಸುಣ್ಣ, ಪೊಟ್ಯಾಷ್ ಎಲ್ಲ ತೊಳೆದು ಹೋಗಿ ಹುಳಿಯಾದ ಮಣ್ಣು. ಅದಕ್ಕೇ ಹಿಂದೆ ಚಿಪ್ಪಿ ಸುಟ್ಟ ಸುಣ್ಣ ಹಾಕುತ್ತಿದ್ದರು. ಬೂದಿ, ಸುಡುಮಣ್ಣು (ತರಗೆಲೆ ಜೊತೆ ಸುಟ್ಟ ಮಣ್ಣು) ಹಾಕುತ್ತಿದ್ದರು. ಸುಡುಮಣ್ಣಿನ ವಿಷಯದಲ್ಲಿ ಹಿಂದಿನವರದ್ದೆಲ್ಲ ಚಿನ್ನ ಅಂತ ನಾನು ಹೇಳುವುದಿಲ್ಲ. ಬೂದಿಯಿಂದ ಪೊಟ್ಯಾಷ್ ಸಿಗುತ್ತದೆ ನಿಜ, ಸುಟ್ಟ ತರಗೆಲೆ ಮಾತ್ರ ಮಣ್ಣಿಗೆ ಸೇರದೆ ಹೊಗೆಯಾಗಿ ಹೋಗುತ್ತದೆ. ಅದಕ್ಕಿಂತ ಆ ತರಗೆಲೆಯನ್ನು ಮರದ ಬುಡಕ್ಕೆ ದಪ್ಪಗೆ ಹಾಸುವುದು, ತೆಂಗಿನ ಸಿಪ್ಪೆಯನ್ನು ಬುಡದ ಸುತ್ತ ಮುಚ್ಚುವುದು ಹೆಚ್ಚು ಲಾಭ. ಬಿಸಿಲಿಗೆ ನೆಲ ಕಾಯುವುದಿಲ್ಲ, ಮೊದಲ ಮಳೆಯ ಹನಿ ನೇರ ಮಣ್ಣಿಗೆ ಹೊಡೆಯುವುದಿಲ್ಲ, ಎರಡು ವರ್ಷದಲ್ಲಿ ಎರೆಹುಳ ತಾನಾಗಿ ಬರುತ್ತದೆ. ಖರ್ಚು? ಸಿಪ್ಪೆ ಹೊರುವ ಕೂಲಿ.

ಸೊಪ್ಪಿಗೆ ಹಿಂದೆ ಕುಮ್ಕಿ ಇತ್ತು. ವರ್ಗ ಜಾಗಕ್ಕೆ (ಸ್ವಂತ ಪಟ್ಟಾ ಜಾಗಕ್ಕೆ) ತಾಗಿದ 100 ಗಜದ ಸರಕಾರಿ ಗುಡ್ಡೆಯಲ್ಲಿ ಸೊಪ್ಪು, ತರಗೆಲೆ, ಕಟ್ಟಿಗೆ ತೆಗೆಯುವ ಹಕ್ಕು. ಆ ಸೊಪ್ಪು ಹಟ್ಟಿಗೆ, ಹಟ್ಟಿಯಿಂದ ಗೊಬ್ಬರವಾಗಿ ಗದ್ದೆಗೆ. ಈಗ ಕುಮ್ಕಿ ಎಷ್ಟೋ ಕಡೆ ರಬ್ಬರ್ ತೋಟ, ಹಟ್ಟಿಯಲ್ಲಿ ದನ ಇಲ್ಲ. ಗುಡ್ಡೆಗೆ ಹಿಟಾಚಿ ತಂದು ಮೂರೇ ದಿನದಲ್ಲಿ ಮೆಟ್ಟಿಲು ಕಡಿಯುತ್ತಾರೆ. ಮೇಲಿನ ಮುರಕಲ್ಲಿನ ಪದರ ಕಿತ್ತು ಹೋದರೆ ಒಳಗಿನ ಶೇಡಿ ಮಣ್ಣು ಮಳೆಗೆ ಹಿಟ್ಟಿನ ಹಾಗೆ ಕರಗುತ್ತದೆ. ಅದು ಬಂದು ಕೂರುವುದು ತೋಡಿನಲ್ಲಿ, ಕೆಳಗಿನವನ ಗದ್ದೆಯಲ್ಲಿ.

ಇದರ ಜೊತೆಗೆ ಒಂದು ಎಚ್ಚರಿಕೆ ಹೇಳಲೇಬೇಕು. ಇಂಗುಗುಂಡಿ ಅಂದರೆ ಪುಣ್ಯದ ಕೆಲಸ, ಎಲ್ಲಿ ಬೇಕಾದರೂ ತೋಡಬಹುದು ಅಂತ ಒಂದು ನಂಬಿಕೆ ಹಬ್ಬಿದೆ. ಕಡಿಮೆ ಇಳಿಜಾರಿನ ಮುರಕಲ್ಲಿನ ಜಾಗಕ್ಕೆ ಸರಿ. ಕಡಿದಾದ ಗುಡ್ಡೆಯಲ್ಲಿ, ಅಡಿಯಲ್ಲಿ ಶೇಡಿ ಇರುವಲ್ಲಿ, ಕೆಳಗೆ ಮನೆ ಇರುವಲ್ಲಿ ದಯವಿಟ್ಟು ಬೇಡ. ನೀರು ಕುಡಿದ ಶೇಡಿ ಜಾರುತ್ತದೆ. 2018ರಲ್ಲಿ ಸಂಪಾಜೆಯ ಹತ್ತಿರ ಜೋಡುಪಾಲದಲ್ಲಿ ಗುಡ್ಡ ಬಂದದ್ದನ್ನು ನೋಡಿದ ಮೇಲೂ ಇಳಿಜಾರು ಅಳೆಯದೆ ಗುಂಡಿಯ ಸಂಖ್ಯೆಗೆ ಗುರಿ ಇಡುವುದು ಹುಡುಗಾಟ. ಅಂಥ ಕಡೆ ಮೇಲಿನ ನೀರನ್ನು ಕಣಿ (ಸಣ್ಣ ಕಾಲುವೆ) ಮಾಡಿ ಬದಿಗೆ ದಾಟಿಸಬೇಕು, ಅಂಚಿಗೆ ಲಾವಂಚ ನೆಡಬೇಕು, ಮರ ಕಡಿಯಬಾರದು.

ಹಾಗಾದರೆ ಸಣ್ಣ ರೈತನಿಗೆ ಬೆಂಬಲ ಕೊಡುವುದು ಅಂದರೆ ಏನು? ಸರಕಾರದ ಉತ್ತರ ಹೆಚ್ಚಾಗಿ ಕಾಂಕ್ರೀಟು. ಹಲಗೆ ಹಾಕಿ ತೆಗೆಯುವ ಕಿಂಡಿ ಅಣೆಕಟ್ಟು ನಮ್ಮ ಕಟ್ಟದ ಮಗನೇ, ಅದರಲ್ಲಿ ನನಗೆ ತಕರಾರಿಲ್ಲ. ಪಶ್ಚಿಮ ವಾಹಿನಿ ಯೋಜನೆಯಲ್ಲಿ ಕರಾವಳಿಯಲ್ಲಿ ಸುಮಾರು ಕಡೆ ಕಟ್ಟಿದ್ದಾರೆ, ಹಲಗೆ ಸರಿಯಾಗಿ ಹಾಕಿದ ಕಡೆ ಬಾವಿಗಳು ತುಂಬಿವೆ ಕೂಡ. ಆದರೆ ಅದಕ್ಕೂ ಪ್ರತಿ ವರ್ಷ ನವೆಂಬರ್ ಡಿಸೆಂಬರ್‌ನಲ್ಲಿ ಹಲಗೆ ಹಾಕಲಿಕ್ಕೆ, ಮೇ ತಿಂಗಳಲ್ಲಿ ತೆಗೆಯಲಿಕ್ಕೆ ಮನುಷ್ಯರೇ ಬೇಕು. ಅಣೆಕಟ್ಟಿಗೆ ಕೋಟಿ ಸಿಗುತ್ತದೆ. ಹಲಗೆ ಹಾಕುವವನ ಕೂಲಿಗೆ ಕಡತ ತಿಂಗಳುಗಟ್ಟಲೆ ಓಡುತ್ತದೆ. ಒಂದು ಕಡೆ ನಾನೇ ನೋಡಿದ್ದೇನೆ, ಹಲಗೆ ಬಂದು ಇಳಿದದ್ದು ಮಾರ್ಚ್‌ನಲ್ಲಿ, ತೋಡು ಅಷ್ಟರಲ್ಲಿ ಕ್ರಿಕೆಟ್ ಆಡುವ ಹದಕ್ಕೆ ಬಂದಿತ್ತು.

ಉದ್ಯೋಗ ಖಾತ್ರಿಯಲ್ಲೂ ಇದೇ ಕತೆ. ಕೆರೆ, ಬಾವಿ, ಇಂಗುಗುಂಡಿಗೆ ಅದರಿಂದ ಎಷ್ಟೋ ಸಹಾಯ ಆಗಿದೆ. ಆದರೆ ಅದರ ಒತ್ತು ಬಾಳಿಕೆ ಬರುವ ಆಸ್ತಿಯ ಮೇಲೆ. ಪ್ರತಿ ವರ್ಷ ಅದೇ ಜಾಗದಲ್ಲಿ ಅದೇ ಮಣ್ಣಿನ ಒಡ್ಡು ಹಾಕಿ ಅದನ್ನೇ ಬಿಡಿಸುವ ಕೆಲಸ ಕಾಗದದಲ್ಲಿ ನೋಡುವವನಿಗೆ ದುಡ್ಡು ನೀರಿಗೆ ಹಾಕಿದ ಹಾಗೆ ಕಾಣುತ್ತದೆ. ಕಟ್ಟದ ಜೀವ ಇರುವುದೇ ಆ ಬಿಡಿಸುವುದರಲ್ಲಿ ಅಂತ ಅವನಿಗೆ ಹೇಳುವವರು ಯಾರು? ಬಿಡಿಸಿದರೆ ಹೂಳು ನಿಲ್ಲುವುದಿಲ್ಲ, ನೆರೆಗೆ ದಾರಿ ಇರುತ್ತದೆ, ಮೀನು ಮೇಲೆ ಹತ್ತುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಹೊಸ ಅಣೆಕಟ್ಟಿನ ಹಣದಲ್ಲಿ ಒಂದು ಚೂರು ಕಿತ್ತು ತೋಡಿನ ಬದಿಯ ಮನೆಗಳಿಗೆ ವರ್ಷ ವರ್ಷ ಕಟ್ಟದ ಕೂಲಿ ಅಂತ ಕೊಟ್ಟರೆ ಸಾಕು. ಗುತ್ತಿಗೆದಾರ ಬೇಡ, ಉದ್ಘಾಟನೆ ಬೇಡ. ಬಹುಶಃ ಅದಕ್ಕೇ ಆಗುತ್ತಿಲ್ಲ.

ಜನರನ್ನು ಒಟ್ಟು ಹಾಕುವುದು ಆಗದ ಕೆಲಸ ಅಂತಲೂ ಅಲ್ಲ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಪ್ರಗತಿಬಂಧು ಗುಂಪುಗಳನ್ನು ನೋಡಿ. ಐದಾರು ಸಣ್ಣ ರೈತರು ಸೇರಿ ವಾರಕ್ಕೊಂದು ದಿನ ಒಬ್ಬೊಬ್ಬರ ಜಾಗದಲ್ಲಿ ಸರದಿ ಪ್ರಕಾರ ಕೆಲಸ ಮಾಡುವುದು. ನಮ್ಮ ಹಳೆಯ ಮುಯ್ಯಾಳಿಗೆ (ಆಳಿಗೆ ಆಳು ಕೆಲಸಕ್ಕೆ) ಒಂದು ಲೆಕ್ಕದ ಪುಸ್ತಕ ಸೇರಿದ ಹಾಗೆ. ಆ ರೀತಿಯಲ್ಲಿ ಎಷ್ಟೋ ಮನೆಗಳ ಬಾವಿ, ಹುಣಿ, ಅಡಿಕೆ ಗುಂಡಿ ಆಗಿವೆ. 2021ರಲ್ಲಿ ಉಡುಪಿಯಲ್ಲಿ ಹಡಿಲು ಭೂಮಿ ಕೃಷಿ ಆಂದೋಲನ ನಡೆದಾಗ ವರ್ಷಗಟ್ಟಲೆ ಹುಲ್ಲು ಬೆಳೆದಿದ್ದ ಗದ್ದೆಗಳಲ್ಲಿ ನೇಜಿ (ಭತ್ತದ ಸಸಿ) ನೆಟ್ಟರು. ಅದರಲ್ಲಿ ಫೋಟೋಕ್ಕೆ ಕೆಸರಿಗೆ ಇಳಿದವರೂ ಇದ್ದರು, ಇರಲಿ ಬಿಡಿ. ಹುಣಿ ಕಟ್ಟಿ ನೀರು ನಿಲ್ಲಿಸಿದ್ದು ನಿಜ. ಎರಡನೇ ವರ್ಷ, ಮೂರನೇ ವರ್ಷ ಯಾರು ನಿಲ್ಲಿಸುತ್ತಾರೆ ಅನ್ನುವುದೇ ಯಾವಾಗಲೂ ಕಷ್ಟದ ಪ್ರಶ್ನೆ.

ನಮ್ಮ ತೋಡಿನಲ್ಲಿ ಈಗ ಒಂದು ಕಟ್ಟ ಮತ್ತೆ ಎದ್ದಿದೆ. ಹಳೆಯ ಕ್ರಮದ್ದಲ್ಲ. ಖಾಲಿ ಸಿಮೆಂಟ್ ಚೀಲಕ್ಕೆ ಮಣ್ಣು ತುಂಬಿ ಎರಡು ಸಾಲು ಪೇರಿಸಿ, ನೀರಿನ ಬದಿಗೆ ಟರ್ಪಾಲು ಹೊದಿಸಿ, ಅದರ ಅಂಚನ್ನು ತಳದಲ್ಲಿ ಹೂತಿದ್ದು. ಪ್ಲಾಸ್ಟಿಕ್ ಹಾಕುವುದು ನನಗೆ ಇಷ್ಟ ಇಲ್ಲ, ಮೇ ತಿಂಗಳಲ್ಲಿ ಚೀಲ ಒಂದೂ ಬಿಡದೆ ಹೆಕ್ಕಬೇಕು ಅಂತ ಜಗಳ ಮಾಡುತ್ತೇನೆ. ಆದರೆ ಗೂಟ, ಸಲಕೆ, ಸೊಪ್ಪಿನ ಕಟ್ಟಕ್ಕೆ ಬೇಕಾಗುವಷ್ಟು ಜನ ಈಗ ಸಿಗುವುದಿಲ್ಲ, ಇದು ಒಂದು ಭಾನುವಾರದಲ್ಲಿ ಮುಗಿಯುತ್ತದೆ. ಬರಲಿಕ್ಕಾಗದವರು ಒಂದಾಳಿನ ಕೂಲಿ ಕೊಡುವುದು ಅಂತ ಮಾತು. ಮುಂಬಯಿಯಲ್ಲಿರುವ ಒಬ್ಬರು ಗೂಗಲ್ ಪೇ ಮಾಡುತ್ತಾರೆ, ತೋಡಿನ ಬದಿಯಲ್ಲೇ ಇರುವ ಇನ್ನೊಬ್ಬರು ಕೊಡುವುದೂ ಇಲ್ಲ, ಬರುವುದೂ ಇಲ್ಲ, ಅವರ ಬಾವಿಯಲ್ಲೂ ನೀರು ಏರಿದೆ.

ತಂಟೆ ಬಂದಿರುವುದು ಪಂಪಿನದ್ದು. ಕಟ್ಟದಲ್ಲಿ ನೀರು ನಿಂತ ಕೂಡಲೇ ಮೇಲಿನ ತೋಟದವರು ಪಂಪು ತಂದು ನೇರ ತೋಡಿಗೇ ಇಟ್ಟರು. ನೀರು ನೆಲಕ್ಕೆ ಇಳಿಯುವ ಮೊದಲೇ ಸ್ಪ್ರಿಂಕ್ಲರಿನಲ್ಲಿ ಹಾರಿ ಹೋದರೆ ಕಟ್ಟ ಹಾಕಿ ಏನು ಪ್ರಯೋಜನ? ಕೂತು ಮಾತಾಡಿದ್ದಾಯಿತು. ತೋಡಿಗೆ ಪಂಪು ಇಡುವ ಹಾಗಿಲ್ಲ, ಬಾವಿಯಿಂದ ಎಷ್ಟು ಬೇಕಾದರೂ ತೆಗೆಯಿರಿ ಅಂತ ತೀರ್ಮಾನ. ಅದನ್ನು ಒಂದು ಪುಸ್ತಕದಲ್ಲಿ ಬರೆದು ಎಲ್ಲರ ಸಹಿ ಹಾಕಿಸಬೇಕು ಅಂತ ನಾನು. ಬರೆದರೆ ಅಲ್ಲಿಂದಲೇ ಕೋರ್ಟು ಶುರು, ಬಾಯಿ ಮಾತಿನಲ್ಲೇ ಇರಲಿ ಅಂತ ದೊಡ್ಡಪ್ಪ. ಡಿಸೆಂಬರ್ ಒಳಗೆ ಒಂದು ಇತ್ಯರ್ಥ ಆಗಬೇಕು, ಚೀಲ ಹೊಲಿಯಲಿಕ್ಕೆ ದಾರ ಬೇರೆ ತರಬೇಕು.